ಚಾವಡಿ ಗುಡಿಸುವವಳಿಗೆ

ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರ ನಲವತ್ತೇಳನೆಯ ಇಸವಿ
ಬಿಳಿಗಲ್ಲಹಟ್ಟಿ, ನೆರಳುಹೊತ್ತು

ಮುತ್ತಜ್ಜಿ ಕರಿಯಮ್ಮನಿಗೆ, ನಿನ್ನ ಮಗಳ ಮಗಳ ಮಗಳು ಪಾಲಕ್ಕ ಬರೆದ ಕಾಗದ.

ಮೇಲಿನ ತಾರೀಖು ನೋಡಿ ನಗಬೇಡ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ಇರಲಿಲ್ಲ, ನಮ್ಮ ಕಾಲದಲ್ಲಿ ಇದೆ. ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿ, ಉಳಿದ ಐದು ದಿನವನ್ನು ವರ್ಷದ ಬಾಲಕ್ಕೆ ಕಟ್ಟಿದ್ದಾರೆ. ನೆರಳುಹೊತ್ತು ಎಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಯಾರೂ ಬಿಸಿಲಿಗೆ ಕಾಲಿಡದ ಹೊತ್ತು. ಕಾಲಿಟ್ಟವರ ಚರ್ಮ ಸುಲಿಯುತ್ತದೆ, ಅದಕ್ಕೇ ನಾಯಿಗಳೂ ಒಳಗೇ ಇರುತ್ತವೆ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಎನಿಸಬಹುದು. ತಪ್ಪು ತಿಳಿಯಬೇಡ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಇದೇ ಚಾವಡಿಯಲ್ಲಿ. ಗೊತ್ತಿಲ್ಲದ ಮಾತು ಬಂದಲ್ಲೆಲ್ಲ ನಿಂತು ಹೇಳುತ್ತೇನೆ. ನನಗೀಗ ಎಪ್ಪತ್ತೊಂದು, ಈ ಕಾಗದ ನಿನ್ನ ಕೈಗೆ ಸಿಗುವಾಗ ನಿನಗೆ ನಲವತ್ತೊಂದು. ನಾನು ನಿನ್ನ ಕಾಲಿಗೆ ಬೀಳಬೇಕೋ ನೀನು ನನ್ನ ಕಾಲಿಗೆ ಬೀಳಬೇಕೋ ಎಂಬುದನ್ನು ಆಮೇಲೆ ನೋಡೋಣ.

ಕಾಗದ ಅಂದ ಮೇಲೆ ಮೊದಲು ಇಲ್ಲಿ ನಾವು ಕ್ಷೇಮ ಎಂದು ಬರೆಯಬೇಕಂತೆ. ನಾನು ಬರೆಯುವುದಿಲ್ಲ. ನನ್ನ ಹತ್ತಿರ ಇರುವುದು ಒಂದು ಮೋಟು ಪೆನ್ಸಿಲು, ಅದನ್ನು ಸುಳ್ಳಿಗೆ ಸವೆಸಲಾರೆ.

ಈ ಕಾಗದವನ್ನು ಚಾವಡಿಯ ಹಿಂದಿನ ಗೋಡೆಯ ಗೂಡಿನಲ್ಲಿ ಇಡುತ್ತೇನೆ. ನೀವು ದೀಪ ಇಡುತ್ತಿದ್ದ ಗೂಡು ಅದೇ, ಈಗಲೂ ಇದೆ. ಅದರಲ್ಲಿ ಇಟ್ಟದ್ದು ಕೆಲವು ಸಲ ಸಿಗುವುದಿಲ್ಲ. ಚಿಕ್ಕವಳಿದ್ದಾಗ ನಾನು ಹಸಿರು ಬಾಚಣಿಗೆಯೊಂದನ್ನು ಅಲ್ಲಿ ಬಚ್ಚಿಟ್ಟಿದ್ದೆ. ಮೂರು ಹಲ್ಲು ಮುರಿದಿತ್ತು, ಹಿಡಿಯ ಮೇಲೆ ಮೊಳೆಯಲ್ಲಿ ಪಾ ಎಂದು ಗೀಚಿದ್ದೆ. ಮಾರನೆಯ ದಿನ ಇರಲಿಲ್ಲ. ನನ್ನ ಅಜ್ಜಿ ಸತ್ತಾಗ ಅವಳ ಪೆಟ್ಟಿಗೆಯ ತಳದಲ್ಲಿ ಅದೇ ಬಾಚಣಿಗೆ, ಅದೇ ಮೂರು ಹಲ್ಲು, ಅದೇ ಪಾ. ಅದನ್ನು ಅವಳಿಗೆ ಕೊಟ್ಟವಳು ಅವಳ ಅವ್ವ, ಅಂದರೆ ನೀನು. ಚಾವಡಿ ಗುಡಿಸುವಾಗ ಗೂಡಿನಲ್ಲಿ ಸಿಕ್ಕಿತೆಂದು ಕೊಟ್ಟಿದ್ದೆಯಂತೆ. ಹೇಗೆ ಎಂದು ನನ್ನನ್ನು ಕೇಳಬೇಡ. ಏಳೆಂಟಲಿ ಎಷ್ಟು ಎಂದೇ ನನಗೆ ಇಂದಿಗೂ ಗಟ್ಟಿ ಗೊತ್ತಿಲ್ಲ.

ಚಾವಡಿಯ ಕತೆಯನ್ನು ನಿನಗೇ ಹೇಳುವುದು ಅತಿಯಾಯಿತು, ಆದರೂ ನಮಗೆ ಉಳಿದಿರುವುದು ಎಷ್ಟೆಂದು ನಿನಗೆ ತಿಳಿಯಲಿ. ಮೊದಲು ನಾಲ್ಕು ಕಲ್ಲುಕಂಬದ ಮೇಲೆ ಹುಲ್ಲು ಹೊದೆಸಿದ್ದರು. ಮನೆಗೊಂದು ಚಪ್ಪಡಿಯಂತೆ ಊರಿನವರೇ ನೆಲಕ್ಕೆ ಹಾಸಿದರು. ಕಾಲರಾ ಬಂದಾಗ ಅಲ್ಲೇ ಮಲಗಿಸಿದರು. ಆಮೇಲೆ ಹೆಂಚು, ಆಮೇಲೆ ಸಿಮೆಂಟಿನ ತಾರಸಿ, ನಿಮ್ಮ ಕಾಲಕ್ಕೆ ಸಮುದಾಯ ಭವನ ಎಂಬ ಬೋರ್ಡು. ಬೋರ್ಡಿಗೆ ಬೋರ್ಡಿನ ಹೆಸರು, ಬಾಯಿಗೆ ಚಾವಡಿಯೇ. ಅಲ್ಲಿ ಮಕ್ಕಳಿಗೆ ಹನಿ ಹಾಕಿದರು, ರೇಷನ್ ಅಕ್ಕಿ ಅಳೆದರು, ವೋಟು ಒತ್ತಿದರು, ಮದುವೆಯ ಕೊಪ್ಪರಿಗೆಗಳನ್ನು ಬೋರಲು ಹಾಕಿಟ್ಟರು, ಮಳೆ ಹಿಡಿದರೆ ಎಲ್ಲರ ಶೇಂಗಾ ಒಂದೇ ರಾಶಿ ಮಾಡಿ ಒಣಗಿಸಿದರು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗಿದ ರೋಗದಲ್ಲಿ ಪರವೂರಿಂದ ಬಂದವರನ್ನು ಹದಿನಾಲ್ಕು ದಿನ ಅಲ್ಲೇ ಇರಿಸಿದಿರಂತೆ. ಆಗ ನೀನು ಬಾಗಿಲಿಗೆ ಮುದ್ದೆ ಇಟ್ಟು, ತಿಂದ ತಟ್ಟೆ ತೊಳೆದಿಡಲಿಲ್ಲ ಎಂದು ಹೊರಗಿನಿಂದಲೇ ಬೈಯುತ್ತಿದ್ದೆಯಂತೆ. ನನ್ನ ನಾಲಿಗೆ ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎಲ್ಲಕ್ಕಿಂತ ದೊಡ್ಡದು ಮಾತು ಗುಡಿಸುವುದು. ನಮ್ಮ ಊರು ಬಿಟ್ಟು ಬೇರೆಲ್ಲೂ ಅದು ಇರಲಿಲ್ಲವಂತೆ. ಎರಡು ಮನೆಗೆ ಜಗಳವಾದರೆ ಚಾವಡಿಯಲ್ಲಿ ಕೂರಿಸುವುದು, ಬಾಯಿಗೆ ಬಂದದ್ದನ್ನೆಲ್ಲ ಆಡಿಸುವುದು, ತೀರ್ಮಾನ ಹೇಳುವುದು. ಆಮೇಲೆ ಎರಡೂ ಮನೆಯ ಹೆಂಗಸರು ಒಂದೊಂದು ಪೊರಕೆ ಹಿಡಿದು ಎದುರುಬದುರು ಮೂಲೆಯಿಂದ ಗುಡಿಸುತ್ತ ಬಂದು, ಹೊಸ್ತಿಲಲ್ಲಿ ಕಸವನ್ನು ಒಂದೇ ಗುಡ್ಡೆ ಮಾಡಿ, ಇಬ್ಬರೂ ಸೇರಿ ತಿಪ್ಪೆಗೆ ಎಸೆಯಬೇಕು. ಅಲ್ಲಿಗೆ ಆಡಿದ ಬೈಗುಳವೆಲ್ಲ ಹೋಯಿತು. ಹೊರಗೆ ಯಾರಾದರೂ ಅದನ್ನು ಮತ್ತೆ ಎತ್ತಿದರೆ ಒಂದು ತಿಂಗಳು ಚಾವಡಿ ಗುಡಿಸುವುದು ಅವರ ಪಾಲಿಗೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನ ಗಂಡ ತೀರಿಹೋದ ವರ್ಷ ನಿನ್ನ ಮೈದುನ ಗಾದ್ರಯ್ಯ ಬೋರಿನ ನೀರು ಬಿಡದೆ ನಿನ್ನ ಹೊಲ ಒಣಗಿಸಿದ. ಚಾವಡಿ ಸೇರಿತು. ನಲವತ್ತೆರಡು ಜನರ ಎದುರಿಗೆ ಅವನು ನಾಲ್ಕು ದಿನಕ್ಕೊಂದು ಸರದಿ ಅತ್ತಿಗೆಗೆ ಬಿಡುತ್ತೇನೆ ಎಂದ. ನೀನೂ ಅವನ ಹೆಂಡತಿಯೂ ಗುಡಿಸಿದಿರಿ. ಐದನೆಯ ದಿನ ನೀರು ಕೇಳಲು ಹೋದಾಗ ಅವನು ಹೇಳಿದ ಮಾತು ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ಮರೆತಿಲ್ಲ. "ಆ ಮಾತಾ ಅತ್ತಿಗೆ? ಅವತ್ತೇ ಗುಡಿಸಿ ತಿಪ್ಪೆಗೆ ಹಾಕಿದ್ರಲ್ಲ ನೀವಿಬ್ರೂ." ನೀನು ಮನೆ ಮನೆಗೆ ಹೋಗಿ ಕೇಳಿದೆ. ನಲವತ್ತೆರಡು ಜನವೂ ಕೇಳಿದ್ದರು, ಒಬ್ಬನೂ ಬಾಯಿ ಬಿಡಲಿಲ್ಲ. ಬೈಗುಳ ಗುಡಿಸಬಹುದು, ಕೊಟ್ಟ ಮಾತು ಗುಡಿಸಲಾಗದು ಎಂದು ಹೇಳಲು ಪಂಡಿತರು ಬೇಕಿರಲಿಲ್ಲ. ಗಾದ್ರಯ್ಯನಿಗೆ ಟ್ರ್ಯಾಕ್ಟರ್ ಇತ್ತು, ಎಲ್ಲರಿಗೂ ಉಳುಮೆ ಇತ್ತು, ಅಷ್ಟೇ.

ಆಗ ನೀನು ಹೊಸ್ತಿಲಲ್ಲಿ ನಿಂತು, ಮನುಷ್ಯರ ಬಾಯಿ ಸಾಕು, ಆಡಿದ್ದನ್ನು ಹಿಡಿದಿಡುವಂಥದ್ದು ಏನಾದರೂ ತಂದು ಈ ಚಾವಡಿಗೆ ಹಾಕಿ ಎಂದೆ. ಊರಿನವರಿಗೆ ನಾಚಿಕೆಯಾಯಿತು. ನಾಚಿಕೆಯಾದವರು ಸರಿಯಾದ ಕೆಲಸ ಮಾಡುವುದು ಕಡಿಮೆ, ದೊಡ್ಡ ಕೆಲಸ ಮಾಡುವುದು ಹೆಚ್ಚು. ಸಾಕ್ಷಿಗಲ್ಲು ತರಿಸಿದರು. ನಾಳೆ, ನಿನ್ನ ನಾಳೆ, ಅದು ಬರುತ್ತದೆ.

ಹೆಸರಿಗೆ ಕಲ್ಲು. ಹೋಳಿಗೆಯಗಲದ ಕರಿ ಬಿಲ್ಲೆ, ನಡುತೊಲೆಯ ಕೆಳಗೆ ತೂಗುಹಾಕುತ್ತಾರೆ. ಚಾವಡಿಯೊಳಗೆ ಆಡಿದ್ದನ್ನೆಲ್ಲ ಕೇಳುತ್ತದೆ, ಯಾರ ಮನೆಯವರು ಆಡಿದ್ದೆಂದು ಗುರುತಿಡುತ್ತದೆ, ಕೇಳಿದಾಗ ಆಡಿದವರ ದನಿಯಲ್ಲೇ ವಾಪಸು ಹೇಳುತ್ತದೆ. ಹಾಕಿದ ವಾರದೊಳಗೆ ಗಾದ್ರಯ್ಯ ಮತ್ತೆ ಮಾತು ಕೊಡಬೇಕಾಯಿತು, ನೀರು ಬಿಟ್ಟ, ನಿನ್ನ ಹೊಲ ಹಸಿರಾಯಿತು. ನೀನು ಅದಕ್ಕೆ ಅರಿಶಿನ ಕುಂಕುಮ ಇಟ್ಟೆಯಂತೆ. ಆ ವರ್ಷದಿಂದಲೇ ಮಾತು ಗುಡಿಸುವುದು ನಿಂತಿತು. ಮೇಲೆ ಕಲ್ಲು ಎಲ್ಲವನ್ನೂ ಹಿಡಿದಿಟ್ಟಿರುವಾಗ ಕೆಳಗೆ ಯಾರು ಗುಡಿಸುತ್ತಾರೆ?

ನಮ್ಮ ಕಾಲದ ಚಾವಡಿ ಹೇಗಿದೆ ಎಂದು ಕೇಳು. ಬಾವಿ ಬೋರು ಎಲ್ಲ ಬತ್ತಿ, ಈಗ ಗುಡ್ಡದ ಮೇಲೆ ಬಲೆ ಕಟ್ಟಿ ಬೆಳಗಿನ ಮಂಜು ಹಿಡಿದು, ಕೊಳವೆಯಲ್ಲಿ ಚಾವಡಿಯ ತೊಟ್ಟಿಗೆ ಇಳಿಸುತ್ತೇವೆ. ಅಲ್ಲಿಂದ ಮನೆಮನೆಗೆ ಅಳೆದು ಬಿಡುವುದನ್ನು ಹನಿಪಾಲು ಎನ್ನುತ್ತೇವೆ. ಆದ್ದರಿಂದ ದಿನಕ್ಕೊಮ್ಮೆಯಾದರೂ ಎಲ್ಲರೂ ಚಾವಡಿಗೆ ಬರಲೇಬೇಕು, ಬಂದವರು ಬಾಯಿ ಬಿಡುವುದಿಲ್ಲ. ಕೊಡ ಇಡುವಾಗ ಸದ್ದಾಗದಂತೆ ತಳಕ್ಕೆ ಬಟ್ಟೆ ಸುತ್ತುತ್ತೇವೆ, ಸದ್ದಿಗೆ ಬೆಚ್ಚಿ ಯಾರಾದರೂ ಏನಾದರೂ ಅಂದುಬಿಟ್ಟಾರೆಂದು. ಮದುವೆಯಲ್ಲಿ ಸೋಬಾನೆ ಇಲ್ಲ, ಹೆಂಗಸರು ಬರೀ ಆರತಿ ಎತ್ತಿ ಇಳಿಸುತ್ತಾರೆ. ಹೆಣ ಇಟ್ಟುಕೊಂಡು ಅಳುವವರು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ. ಹಾಡಿ ಅಳುವಾಗ ಸತ್ತವರ ಮೇಲೂ ದೂರು ಬರುತ್ತದಲ್ಲ, ಬಿಟ್ಟುಹೋದೆಯಲ್ಲೋ ಪಾಪಿ ಎಂದು. ಅದನ್ನೂ ಕಲ್ಲು ಬರೆದುಕೊಳ್ಳುತ್ತದೆ. ಏಳು ವರ್ಷ ತುಂಬುವ ತನಕ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಏಳೆಂಟಲಿ ಐವತ್ತನಾಲ್ಕು ಎಂದು ನಾನು ಮೂರನೇ ಕ್ಲಾಸಿನಲ್ಲಿ ಒಪ್ಪಿಸಿದ್ದನ್ನು ನನ್ನ ಮದುವೆಯ ದಿನ ಕಲ್ಲು ನನ್ನ ಎಳೆದನಿಯಲ್ಲೇ ಹೇಳಿತು. ಯಾರೂ ನಗಲಿಲ್ಲ. ನಕ್ಕರೆ ಅದೂ ಬರೆಯಲ್ಪಡುತ್ತದೆ.

ಮೂಲೆಮನೆ ದ್ಯಾಮಣ್ಣನ ಕತೆ ಕೇಳಿದರೆ ನಿನಗೆ ನನ್ನ ಭಯ ತಿಳಿದೀತು. ಮೂರು ವರ್ಷದ ಹಿಂದೆ ಅವನು ಮನೆಗೆ ಇನ್ನೊಂದು ಅಂಕಣ ಸೇರಿಸಿ, ಹನಿಪಾಲು ಸ್ವಲ್ಪ ಹೆಚ್ಚಿಸಿ ಎಂದು ಕೇಳಿದ. ಪಾಲಿನ ವಿಷಯ ಬಂದರೆ ಆ ಮನೆಯವರು ನೀರಿನ ಬಗ್ಗೆ ಎಂದೆಂದೂ ಆಡಿದ್ದನ್ನು ಕಲ್ಲು ಒಪ್ಪಿಸುತ್ತದೆ. ಅವನ ತಾತ ಯಾವುದೋ ಹಬ್ಬದಲ್ಲಿ ಕುಡಿದು ಬಂದು, ಈ ಊರಿನ ನೀರೇ ನಮ್ಮ ಮನೆಗೆ ಬೇಡ ಎಂದಿದ್ದನಂತೆ. ತೊದಲು ಸಮೇತ ಕಲ್ಲು ಹೇಳಿತು. ಪಾಲು ಮುಚ್ಚಿದರು. ಕಲ್ಲು ಒಪ್ಪಿಸಿದ್ದನ್ನು ಊರಿನ ಹಿರಿಯರು ತಳ್ಳಿಹಾಕಬಹುದು, ಹಾಗೆಂದು ಕಟ್ಟಳೆಯಲ್ಲೇ ಇದೆ. ಆದರೆ ಯಾರು ಇನ್ನೊಬ್ಬರ ಪರ ಬಾಯಿ ತೆರೆಯುತ್ತಾರೋ ಅವರ ಮನೆಯ ಮಾತನ್ನು ಕಲ್ಲು ಮರುಕ್ಷಣವೇ ಶುರು ಮಾಡುತ್ತದೆ. ಯಾರ ಮನೆಯಲ್ಲಿ ಕುಡಿದವರಿಲ್ಲ, ಯಾರ ಮನೆಯಲ್ಲಿ ಸಿಟ್ಟು ಬಂದವರಿಲ್ಲ? ದ್ಯಾಮಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ನನ್ನ ಮುಖವನ್ನೂ ನೋಡಿದ. ನಾನು ಕೊಡದ ಬಟ್ಟೆ ಬಿಗಿ ಮಾಡುತ್ತ ಕೂತೆ. ನೆರಳುಹೊತ್ತಿನಲ್ಲೇ ಮಂಚ ತಲೆಯ ಮೇಲೆ ಹೊತ್ತು ಹೆಂಡತಿ ಮಕ್ಕಳೊಂದಿಗೆ ಹೊರಟುಹೋದ. ಎಲ್ಲಿ ತಲುಪಿದರೋ, ತಲುಪಿದರೋ ಇಲ್ಲವೋ, ಯಾರೂ ವಿಚಾರಿಸಲಿಲ್ಲ.

ಇನ್ನು ನನ್ನದು. ಹೇಳಲು ನಾಚಿಕೆ, ಆದರೂ ನಿನ್ನ ವಂಶದವಳು, ಹೇಳುತ್ತೇನೆ.

ನನಗೆ ಇಪ್ಪತ್ತೆರಡು ವರ್ಷ. ಪಕ್ಕದ ಮನೆಯ ಸಿರಿಯಕ್ಕನ ಕೋಳಿ ನಮ್ಮ ನೀರಿನ ಕೊಳಗಕ್ಕೆ ಬಿದ್ದು ಸತ್ತಿತು. ಒಂದು ದಿನದ ಪಾಲು ಹಾಳು, ಮನೆಯಲ್ಲಿ ಹಾಲು ಕುಡಿಯುವ ಮಗು. ಚಾವಡಿಯಲ್ಲಿ ಮಾತು ಬೆಳೆಯಿತು. ಅವಳು ನೀರಿಗಿಂತ ತನ್ನ ಕೋಳಿ ಹೋದದ್ದೇ ದೊಡ್ಡ ನಷ್ಟ ಎಂದಳು. ನನಗೆ ನೆತ್ತಿಗೇರಿತು. ಕಲ್ಲು ತಲೆಯ ಮೇಲಿದೆ ಎಂಬುದೂ ಮರೆತು ಆಡಿಬಿಟ್ಟೆ. "ನಿನ್ನ ಮನೆಯೋರ ಜೊತೆ ನಮ್ಮ ಮನೆಯೋರು ಏಳು ತಲೆಮಾರು ಒಂದು ಹನಿ ನೀರು ಹಂಚ್ಕಳಲ್ಲ, ಬರ್ಕೊಳ್ಳಲಿ ನಿಮ್ಮ ಕಲ್ಲು." ಇಷ್ಟೇ. ಉಸಿರು ಬಿಡುವಷ್ಟು ಹೊತ್ತು.

ಒಂದು ತಿಂಗಳಿಗೆ ಸಿಟ್ಟು ಇಳಿಯಿತು. ಒಂದು ಬೆಳಿಗ್ಗೆ ಯಾರೂ ಇಲ್ಲದಾಗ ನಾವಿಬ್ಬರೂ ಪೊರಕೆ ಹಿಡಿದು ಚಾವಡಿಗೆ ಹೋದೆವು. ಅಜ್ಜಿಯಿಂದ ಕೇಳಿದ್ದ ಹಳೆಯ ಪದ್ಧತಿಯಂತೆ ಎದುರುಬದುರು ಮೂಲೆಯಿಂದ ಗುಡಿಸುತ್ತ ಬಂದೆವು. ಹೊಸ್ತಿಲಲ್ಲಿ ಸಿರಿಯಕ್ಕ ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡಿದಳು. "ನಾವು ಗುಡ್ಸಿದ್ದು ಇದಕ್ಕೆ ಕಾಣಲ್ಲ ಕಣೇ ಪಾಲಿ. ನನ್ನ ಮಾತು ಹಿಂದಕ್ಕೆ ತಗಂಡೆ ಅಂತ ಬಾಯಿ ಬಿಟ್ಟು ಅನ್ನು, ನಾನು ಒಪ್ಪಿದೆ ಅಂತೀನಿ." ಕಟ್ಟಳೆ ಹಾಗೇ ಇದೆ. ಆಡಿದವಳು ಹಿಂದೆಗೆಯಬೇಕು, ಆಡಿಸಿಕೊಂಡವಳು ಒಪ್ಪಬೇಕು, ಎರಡೂ ಜೀವಂತ ದನಿಯಲ್ಲಿ. ಊರನ್ನೇ ಬೈಯಬಲ್ಲ ನನ್ನ ನಾಲಿಗೆಗೆ ಆ ಒಂದು ಸಾಲು ಬರಲಿಲ್ಲ. ಗುಡಿಸಿದೆನಲ್ಲ, ಅದಕ್ಕಿಂತ ಇನ್ನೇನು ಎಂಬ ಬಿಂಕ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಎನ್ನುವುದು ನಲವತ್ತೇಳು ವರ್ಷವಾಯಿತು. ಅಷ್ಟು ವರ್ಷದಲ್ಲಿ ನಾವಿಬ್ಬರೂ ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟೆವು. ನನ್ನ ಮಗಳು ಹೆರಿಗೆಯಲ್ಲಿ ಹೋದಾಗ ಮಗುವನ್ನು ಕೈಗೆ ತೆಗೆದುಕೊಂಡವಳು ಸಿರಿಯಕ್ಕ. ಎರಡು ವರ್ಷದ ಹಿಂದೆ ಅವಳ ಕಣ್ಣು ಮುಚ್ಚಿದವಳು ನಾನು. ಅವತ್ತೂ ಆ ಸಾಲು ಹೇಳಿರಲಿಲ್ಲ.

ಆ ಮಗುವೇ ಹೊನ್ನಿ. ಹೋದ ವರ್ಷ ಸಿರಿಯಕ್ಕನ ಮೊಮ್ಮಗ ತಿಪ್ಪಣ್ಣನನ್ನು ಮದುವೆಯಾದಳು. ಬೇಡ ಎನ್ನಲು ನನಗೆ ಯಾವ ಬಾಯಿ? ಈಗ ಏಳು ತಿಂಗಳ ಬಸುರಿ. ಮದುವೆಯಾದರೆ ಇಬ್ಬರ ಹಳೆಯ ಪಾಲೂ ಮುಚ್ಚಿ, ಹೊಸದೊಂದು ಪಾಲು ಬರೆಯುತ್ತಾರೆ. ಬರೆಯುವ ಮುಂಚೆ ಎರಡು ಮನೆಯವರು ಒಬ್ಬರ ಮೇಲೊಬ್ಬರು ಆಡಿದ್ದನ್ನು ಕಲ್ಲು ಒಪ್ಪಿಸಬೇಕು. ಅದು ನಾಳೆ. ಅವರ ಹಳೆಯ ಪಾಲು ಮುಚ್ಚಿ ನಾಲ್ಕು ತಿಂಗಳು, ಅಂದಿನಿಂದ ನನ್ನೊಬ್ಬಳ ಪಾಲಿನಲ್ಲಿ ಮೂರು ಜೀವ ಕುಡಿಯುತ್ತಿವೆ. ಹೊನ್ನಿಯ ತುಟಿ ಒಡೆದಿದೆ, ನಕ್ಕರೆ ರಕ್ತ ಬರುತ್ತದೆ, ಆದರೂ ನಗುತ್ತಾಳೆ. ನಾಳೆ ಕಲ್ಲು ನನ್ನ ಮಾತನ್ನು ಹೇಳಿದರೆ ಪಾಲಿಲ್ಲ. ಏಳು ತಲೆಮಾರಿನಲ್ಲಿ ಹೊನ್ನಿಯದು ಮೂರನೆಯದು. ಅವಳ ಹೊಟ್ಟೆಯಲ್ಲಿರುವುದು ನಾಲ್ಕನೆಯದು.

ಹೊನ್ನಿಗೆ ಎಲ್ಲ ಹೇಳಿದ್ದೇನೆ. ಅವಳು ಅಳಲಿಲ್ಲ, ನನ್ನ ಕಾಲು ಒತ್ತುತ್ತ ಕೂತಿದ್ದು ಒಂದೇ ಮಾತು ಹೇಳಿದಳು. "ಅಜ್ಜಿ, ನಾಳೆ ನೀನು ಬರಬ್ಯಾಡ. ನಿನ್ನ ಆವತ್ತಿನ ದನಿ ನೀನು ಕೇಳಿಸ್ಕಬ್ಯಾಡ." ನನಗೂ ಅದೇ ಭಯ, ಮುತ್ತಜ್ಜಿ. ದೇವರ ಭಯ, ಸಾವಿನ ಭಯ ಎಲ್ಲ ಕಂಡಿದ್ದೇನೆ. ಇಪ್ಪತ್ತೆರಡರ ನಾನು ತೊಲೆಯ ಕೆಳಗೆ ತೂಗಾಡುತ್ತ ಕಾಯುತ್ತಿದ್ದೇನಲ್ಲ, ಅವಳು ನನ್ನ ಭಯ. ಅವಳಿಗೆ ವಯಸ್ಸಾಗಿಲ್ಲ. ಅವಳು ಸಿರಿಯಕ್ಕನ ಜೊತೆ ರೊಟ್ಟಿ ಸುಟ್ಟಿಲ್ಲ. ಅವಳಿಗೆ ಸಿಟ್ಟು ಇಳಿದೇ ಇಲ್ಲ.

ಬರವಣಿಗೆ ಕಲ್ಲಿಗೆ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಅವರು ಕಲ್ಲು ತಂದಾಗ ಬೇಡ ಎನ್ನು. ಕೇಳಿದ್ದು ನೀನೇ, ಬೇಡ ಎನ್ನುವ ಹಕ್ಕೂ ನಿನ್ನದೇ. ಹಾಗಾದರೆ ಗಾದ್ರಯ್ಯನ ನೀರು ಎನ್ನುತ್ತೀಯ. ಅದು ನನಗೆ ಗೊತ್ತಿಲ್ಲವೇ, ಒಣಗುವುದು ನಿನ್ನ ಹೊಲ. ಪೊರಕೆ ಕೈಯಲ್ಲಿ ಹಿಡಿದೇ ಆ ನಲವತ್ತೆರಡು ಜನರ ಮನೆಗೂ ಮತ್ತೆ ಹೋಗು. ಹೊಸ್ತಿಲಲ್ಲಿ ಕೂರು, ಏಳಬೇಡ, ಬೈ, ನಿನಗೆ ಬೈಯಲು ಬರುತ್ತದೆ. ನಿನಗೆ ಬೇಕಿದ್ದದ್ದು ಕಲ್ಲಲ್ಲ, ಹೌದು ನಾನು ಕೇಳಿದೆ ಎನ್ನುವ ಒಂದೇ ಒಂದು ಬಾಯಿ. ಒಂದು ಬಾಯಿ ತೆರೆದರೆ ಇನ್ನೊಂದು ತೆರೆದೀತು. ತೆರೆಯದಿದ್ದರೆ ನಿನ್ನ ಒಂದು ಬೆಳೆ ಹೋದೀತು. ಕಲ್ಲು ಬಂದರೆ ಊರಿನ ಬಾಯೇ ಹೋಗುತ್ತದೆ, ಹೋಗಿದೆ, ನಾನು ಆ ಬಾಯಿಲ್ಲದ ಊರಿನೊಳಗೆ ಕೂತು ಬರೆಯುತ್ತಿದ್ದೇನೆ.

ನೀನು ಇದನ್ನು ಓದಿದರೆ ನಾನು ಏನಾಗುತ್ತೇನೋ, ಇರುತ್ತೇನೋ ಇಲ್ಲವೋ ತಿಳಿಯದು. ಆದದ್ದಾಗಲಿ. ನಾಳೆ ನಾನು ಚಾವಡಿಗೆ ಹೋಗುತ್ತೇನೆ. ಆ ಇಪ್ಪತ್ತೆರಡರವಳ ದನಿ ಮುಗಿದ ಮೇಲೆ ಎದ್ದು ನಿಂತು ಆ ಸಾಲು ಹೇಳುತ್ತೇನೆ, ಒಪ್ಪಿದೆ ಎನ್ನಲು ಸಿರಿಯಕ್ಕ ಇಲ್ಲದಿದ್ದರೂ. ಆಮೇಲೆ ಮುಖ ಮುಖ ನೋಡುತ್ತೇನೆ, ದ್ಯಾಮಣ್ಣ ನೋಡಿದಂತೆ. ಯಾರು ಕೊಡದ ಬಟ್ಟೆ ಬಿಗಿ ಮಾಡುತ್ತಾರೋ ನೋಡುತ್ತೇನೆ.

ಇನ್ನೊಂದು ವಿಷಯ ಉಳಿದಿದೆ, ಅದನ್ನು ಬರೆಯಲು ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ನನ್ನ ಅಜ್ಜಿ, ನಿನ್ನ ಮಗಳು ಸಿಂಚನ, ಒಂದು ತಮಾಷೆ ಹೇಳುತ್ತಿದ್ದಳು. ಕಲ್ಲು ಬರುವ ಹಿಂದಿನ ದಿನ ನೀನು ಚಾವಡಿ ಗುಡಿಸುವಾಗ ಗೂಡಿನಲ್ಲಿ ಒಂದು ಕಾಗದ ಸಿಕ್ಕಿತ್ತಂತೆ. ಕಸದ ಜೊತೆ ಮನೆಗೆ ತಂದೆಯಂತೆ. ಹಂಡೆ ಒಲೆಯ ಮುಂದೆ ಕೂತು ಮೇಲಿನ ಸಾಲು ಓದಿ, "ಫೆಬ್ರವರಿ ಮೂವತ್ತಂತೆ! ಯಾವನೋ ಕುಡ್ದು ಬರ್ದವ್ನೆ" ಎಂದು ನಕ್ಕು ಒಲೆಗೆ ಹಾಕಿದೆಯಂತೆ. ಆಗ ಒಂಬತ್ತು ವರ್ಷದ ಸಿಂಚನ ಪಕ್ಕದಲ್ಲೇ ನಿಂತಿದ್ದಳು. ಅಜ್ಜಿ ಇದನ್ನು ಹೇಳಿದಾಗಲೆಲ್ಲ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆಗ ಫೆಬ್ರವರಿಗೆ ಇಪ್ಪತ್ತೆಂಟೇ ದಿನ. ಮೂವತ್ತು ಮಾಡಿದ್ದು ನನಗೆ ಮದುವೆಯಾದ ಮೇಲೆ. ಆ ಸುದ್ದಿ ಬಂದ ದಿನ, ಅಜ್ಜಿಯ ತಮಾಷೆ ತಮಾಷೆಯಲ್ಲ ಎಂದು ಹೊಳೆದು, ನನ್ನ ಕೈಯಿಂದ ಕೊಡ ಜಾರಿತು.

ತಾರೀಖು ಹರಿದುಹಾಕೋಣ ಎಂದುಕೊಂಡೆ. ಹರಿದರೆ ಯಾವ ಕಾಲದಿಂದ ಬಂತೆಂದು ನೀನು ನಂಬುವುದು ಹೇಗೆ? ಅದಕ್ಕೇ ಬೇರೆ ಥರ ಮಡಚುತ್ತೇನೆ. ತಾರೀಖು ಒಳಗೆ ಹೋಗುತ್ತದೆ, ಈ ಕೊನೆಯ ಸಾಲು ಹೊರಗೆ ಬರುತ್ತದೆ. ನಿನ್ನ ಕಾಲಿಗೆ ಬೀಳುವುದು ನಾನೇ ಎಂದು ತೀರ್ಮಾನವಾಯಿತು, ಬಿದ್ದೆ. ಇನ್ನು ನಿನ್ನ ಕೈ.

ಕರಿಯಮ್ಮಾ, ಒಲೆಗೆ ಹಾಕಬೇಡ. ಸಿಂಚನ ನಿನ್ನ ಪಕ್ಕದಲ್ಲೇ ನಿಂತಿದ್ದಾಳೆ. ಅವಳ ಕೈಗೆ ಕೊಟ್ಟು, ಕೊನೆಯವರೆಗೂ ಗಟ್ಟಿಯಾಗಿ ಓದಿಸು.